ಆನೆ ಇಲ್ಲ

"ಗುರುಗಳೇ, ಮೂರು ತಿಂಗಳಿಂದ ಒಂದು ದೋಷವೂ ಬಂದಿಲ್ಲ. ಇನ್ನು ಲಾಗ್ ಏಕೆ ಬೇಕು?" ಎಂದು ಶಿಷ್ಯ ಕೇಳಿದ.

ಅವನು ಕಟ್ಟಿದ್ದು ರಕ್ತ ಬೇಕಾದವರಿಗೆ ರಕ್ತ ಕೊಡುವವರನ್ನು ಹುಡುಕಿಕೊಡುವ ಆ್ಯಪ್. ಸಾವಿರಾರು ಫೋನುಗಳಲ್ಲಿ ಅದು ಇತ್ತು. ಆ್ಯಪ್ ಎಡವಿದಾಗಲೆಲ್ಲ ಎಲ್ಲಿ ಎಡವಿತು, ಏಕೆ ಎಡವಿತು ಎಂದು ಆಯಾ ಫೋನೇ ಬರೆದಿಟ್ಟು ಅವನಿಗೆ ಕಳಿಸಬೇಕು. ಆ ಬರಹವೇ ಲಾಗ್. ಮೊದಲು ದಿನಕ್ಕೆ ಮೂವತ್ತು ನಲವತ್ತು ಬರುತ್ತಿದ್ದವು. ಮೂರು ತಿಂಗಳ ಹಿಂದೆ ಅವನು ಒಂದು ವಾರ ಕೂತು ಎಲ್ಲವನ್ನೂ ಒಪ್ಪ ಮಾಡಿದ್ದ. ಅಂದಿನಿಂದ ಏನೂ ಬಂದಿರಲಿಲ್ಲ. ಸುಮ್ಮನೆ ಫೋನಿನ ಜಾಗ ತಿನ್ನುವ ಲಾಗ್ ಅನ್ನು ಕಿತ್ತುಹಾಕಿ, ನಾಳೆ ಹೊಸ ಆವೃತ್ತಿ ಬಿಡುವುದೆಂದು ಅವನು ತೀರ್ಮಾನಿಸಿದ್ದ.

ತನ್ನ ಫೋನನ್ನು ಗುರುವಿನ ಮುಂದೆ ಹಿಡಿದ. ದೋಷಗಳ ಸಂಖ್ಯೆ ತೋರಿಸುವ ಕಡೆ ಸೊನ್ನೆ ಇತ್ತು.

ಗುರು ಅದನ್ನು ನೋಡಲಿಲ್ಲ. "ಕೂತುಕೋ" ಎಂದು ಕತೆ ಹೇಳಿದರು.

ಕಾಡಂಚಿನಲ್ಲಿ ಒಬ್ಬ ಸಾಹುಕಾರನ ಕಾಫಿ ತೋಟವಿತ್ತು. ಕೂಲಿಯವರ ಮನೆಗಳು ತಗ್ಗಿನಲ್ಲಿ, ತೋಟ ದಿಬ್ಬದ ಮೇಲೆ. ನಡುವೆ ಒಂದು ಹಳ್ಳ. ಹಳ್ಳದಲ್ಲಿ ಹಾದರೆ ಕಾಲು ಗಂಟೆಯ ದಾರಿ. ಆದರೆ ಅಲ್ಲಿ ಆನೆಗಳು ಇಳಿಯುತ್ತಿದ್ದವು. ಸುತ್ತಿ ಹೋದರೆ ಭಯವಿಲ್ಲ, ಒಂದು ಗಂಟೆ ಹಿಡಿಯುತ್ತದೆ.

ಸಾಹುಕಾರ ಪಟ್ಟಣದಿಂದ ಒಬ್ಬ ಆ್ಯಪ್ ಕಟ್ಟುವವನನ್ನು ಕರೆಸಿದ. ಅವನು ಕೆಲಸ ಬಲ್ಲವನು. ಗುಡ್ಡದ ಮೇಲಿನ ಕಾವಲುಗಾರ ಆನೆ ಕಂಡ ಕೂಡಲೇ ತನ್ನ ಫೋನಿನಲ್ಲಿ ಗುರುತು ಒತ್ತಬೇಕು. ಆಗ ಕೂಲಿಯವರ ಫೋನಿನಲ್ಲಿ ಕೆಂಪು ಬಣ್ಣ ಬಂದು "ಆನೆ ಇದೆ" ಎಂದು ತೋರಿಸಬೇಕು. ಗುರುತು ಇಲ್ಲದಿದ್ದರೆ ಹಸಿರು ಬಣ್ಣ, "ಆನೆ ಇಲ್ಲ." ಹಾಗೆ ಕಟ್ಟಿ ಕೊಟ್ಟ. ತಗ್ಗಿನ ಮನೆಗಳಲ್ಲೂ ಹಳ್ಳದಲ್ಲೂ ಸಿಗ್ನಲ್ ಸಿಗುವುದೇ ಅಪರೂಪ. ಇಲ್ಲದಾಗ ಫೋನು "ಸುದ್ದಿ ಸಿಗುತ್ತಿಲ್ಲ, ಗೊತ್ತಿಲ್ಲ" ಎನ್ನುತ್ತಿತ್ತು. ಸಿಗ್ನಲ್ ಬಂದ ಮೇಲೆ ತಾನು ಎಡವಿದ್ದನ್ನು ಬರೆದು ಅವನಿಗೆ ಕಳಿಸುತ್ತಿತ್ತು.

ಬೆಳಗ್ಗೆ ಎದ್ದು ನೋಡಿದರೆ ಅವನಿಗೆ ನೂರು ಸಾಲು ದೋಷ. ನೂರು ಜನ ಸಾಲಾಗಿ ನಿಂತು ಬೈದ ಹಾಗಾಗುತ್ತಿತ್ತು. ಮೇಲೆ ಸಾಹುಕಾರನ ಫೋನು.

"ಏನಪ್ಪಾ ನಿನ್ನ ಆ್ಯಪ್ಪು? ಪಕ್ಕದ ತೋಟದವರನ್ನು ಕರೆದು ತೋರಿಸಿದರೆ ಗೊತ್ತಿಲ್ಲ ಅನ್ನುತ್ತೆ. ಗೊತ್ತಿಲ್ಲ ಅನ್ನೋಕೆ ನಮ್ಮ ಮೇಸ್ತ್ರಿ ಸಾಲದೇ?"

ಅವನಿಗೆ ಮಾನ ಹೋದಂತಾಯಿತು. ಅಂದೇ ಕೂತು ಒಂದು ಸಾಲು ಬರೆದ. ತಪ್ಪಾದರೆ ಏನೂ ಹೇಳದೆ ಮುಂದೆ ಹೋಗು. ಆ್ಯಪ್‌ನಲ್ಲಿ ದೋಷ ಹುಟ್ಟಬಹುದಾದ ಕಡೆಯೆಲ್ಲ ಅದೇ ಸಾಲನ್ನು ಇಟ್ಟ. ಪಟ್ಟಣದಲ್ಲಿ, ತನ್ನ ಮೇಜಿನ ಮೇಲೆ ನಡೆಸಿ ನೋಡಿದ. ಚೆನ್ನಾಗಿ ನಡೆಯಿತು. ಅಲ್ಲಿ ಸಿಗ್ನಲ್‌ಗೆ ಏನು ಬರ?

ಮರುದಿನ ಬೆಳಗ್ಗೆ ದೋಷ ಸೊನ್ನೆ. ಅದರ ಮರುದಿನವೂ ಸೊನ್ನೆ. ಒಂದು ವಾರ ನೋಡಿದ, ಆಮೇಲೆ ನೋಡುವುದನ್ನೇ ಬಿಟ್ಟ. ಸಾಹುಕಾರನೂ ಫೋನು ಮಾಡಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ವರ್ಷವಿಡೀ ಒಂದು ದೂರೂ ಬರಲಿಲ್ಲವೆಂದು ಸಾಹುಕಾರ ಅವನಿಗೆ ಶಾಲು ಹೊದಿಸಲು ಕರೆದ. ತನ್ನ ಆ್ಯಪ್ ಹಿಡಿದು ನಡೆಯುವ ಜನರನ್ನು ಒಮ್ಮೆ ಕಣ್ಣಾರೆ ನೋಡುವ ಆಸೆ ಅವನಿಗೆ. ಬೆಳಗ್ಗೆಯೇ ತಗ್ಗಿನ ಮನೆಗಳಿಗೆ ಹೋಗಿ, ಕೆಲಸಕ್ಕೆ ಹೊರಟ ಹೆಂಗಸರ ಜೊತೆ ಹಳ್ಳಕ್ಕೆ ಇಳಿದ. ಮುಂದೆ ಒಬ್ಬಳು ನಡುವಯಸ್ಸಿನವಳು, ಅವಳ ಹಿಂದೆ ಅವನು, ಅವನ ಹಿಂದೆ ಉಳಿದವರು.

"ಸಾರ್, ಆ ಬೂಟು ಕಳಚಿ ಕೈಯಲ್ಲಿ ಹಿಡ್ಕೊಳ್ಳಿ" ಎಂದು ಹಿಂದಿನಿಂದ ಒಬ್ಬಳು ಅಂದಳು. "ನಾವು ಬರೋದನ್ನ ನೀವೇ ಆನೆಗೆ ಹೇಳಿ ಕಳಿಸ್ತಿದ್ದೀರಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಫೋನು ತೆಗೆದು ತೋರಿಸಿದ. "ಆನೆ ಇಲ್ಲ, ನೋಡಿ. ಹಸಿರು."

"ಅದು ಯಾವತ್ತೂ ಹಸಿರೇ ಸಾರ್, ನಮ್ಮನೆ ಗಿಳಿ ಥರ. ಅದು ಹಸಿರಿದ್ರೆ ಹಳ್ಳದ ದಾರೀಲೇ ಬರಬೇಕು ಅಂತ ಮೇಸ್ತ್ರಿ ಹುಕುಂ. ತಡವಾಗಿ ಬಂದವರನ್ನ ವಾಪಸ್ ಕಳಿಸ್ತಾನೆ."

ಮತ್ತೆ ನಗು. ಮುಂದಿನವಳು ಮಾತ್ರ ನಗಲಿಲ್ಲ. ಅವಳು ಗಾಳಿಯ ಕಡೆ ಮುಖ ಮಾಡಿಕೊಂಡು ನಡೆಯುತ್ತಿದ್ದಳು.

ಹಳ್ಳದ ತಿರುವಿನಲ್ಲಿ ಅವಳು ಗಕ್ಕನೆ ನಿಂತು, ಅವನ ಎದೆಗೆ ಕೈ ಅಡ್ಡ ಹಿಡಿದಳು. ದಾರಿಯ ಮೇಲೆ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಅವಳು ಅವನ ಭುಜ ಒತ್ತಿ ಮರದ ಹಿಂದೆ ಕೂರಿಸಿದಳು. ಬಿದಿರು ಮುರಿದ ಸದ್ದಾಯಿತು. ಇಪ್ಪತ್ತು ಹೆಜ್ಜೆ ಆಚೆ ಹೆಣ್ಣಾನೆಯೊಂದು ಮರಿಯನ್ನು ಮುಂದಿಟ್ಟುಕೊಂಡು ದಾರಿ ದಾಟಿತು.

ಅವನ ಕೈಯಲ್ಲಿ ಫೋನು ಇನ್ನೂ ಬೆಳಗುತ್ತಿತ್ತು. ಹಸಿರು. ಆನೆ ಇಲ್ಲ.

ಅವಳು ಆ ಬೆಳಕಿನ ಮೇಲೆ ತನ್ನ ಅಂಗೈ ಮುಚ್ಚಿದಳು.

ಆನೆ ಹೋದ ಮೇಲೆ ಅವನು ಎದ್ದ. ಕಾವಲುಗಾರನಿಗೆ ಕರೆ ಮಾಡೋಣವೆಂದರೆ ಸಿಗ್ನಲ್ ಇಲ್ಲ. ದಿಬ್ಬಕ್ಕೆ ಹತ್ತು ಮಾರು ಹತ್ತಿದ ಮೇಲೆ ಫೋನು ತಾನಾಗಿಯೇ ಕೆಂಪಾಯಿತು. ಕಾವಲುಗಾರ ಒಂದು ಗಂಟೆಯ ಹಿಂದೆಯೇ ಗುರುತು ಒತ್ತಿದ್ದ.

"ಅಕ್ಕಾ, ಇದು ಮೊದಲಿಂದಲೂ ಹೀಗೇನಾ?" ಎಂದು ಮುಂದಿನವಳನ್ನು ಕೇಳಿದ.

"ಇಲ್ಲ ಸಾರ್, ಮೊದಲು ಚೆನ್ನಾಗಿತ್ತು" ಎಂದಳು ಅವಳು. "ಗೊತ್ತಾಗದಿದ್ದರೆ ಗೊತ್ತಿಲ್ಲ ಅಂತಿತ್ತು. ಅವತ್ತು ನಾವು ಸುತ್ತು ದಾರಿ ಹಿಡೀತಿದ್ವಿ. ಫೋನನ್ನ ಮೇಸ್ತ್ರಿಗೂ ತೋರಿಸ್ತಿದ್ವಿ, ಅವನೂ ಸುಮ್ಮನಿರ್ತಿದ್ದ. ಆಮೇಲೆ ನೀವು ಸರಿ ಮಾಡಿದ್ರಿ."

ಅವನು ಅವಳ ಮುಖ ನೋಡಿದ. ಅದರಲ್ಲಿ ಚುಚ್ಚುವ ಭಾವವಿರಲಿಲ್ಲ.

"ಸರಿ ಮಾಡಿದ ಮೂರನೇ ದಿನ ನಮ್ಮನೆಯವರು ಹಸಿರು ನೋಡ್ಕೊಂಡು ಇಳಿದರು. ಇದೇ ತಿರುವು. ಕುಡಿದಿದ್ದ ಅಂತ ತೋಟದ ಆಫೀಸಿನವರು ಬರ್ಕೊಂಡರು. ಅವರು ಕುಡೀತಿರಲಿಲ್ಲ ಸಾರ್."

"ನನಗೆ ಯಾರೂ ತಿಳಿಸಲಿಲ್ಲವಲ್ಲ" ಎಂದ.

"ನಾನೇ ತಿಳಿಸಿದೆನಲ್ಲ! ಅದರಲ್ಲಿ ದೂರು ಅಂತ ಒತ್ತೋ ಜಾಗ ಇದೆ. ಮನೇಲಿ ಕೂತು ಒತ್ತಿ ಮಾತಾಡಿದೆ. ಒಂದು ಸಲ ಅಲ್ಲ, ಹದಿಮೂರು ದಿನ, ಕರ್ಮ ಮುಗಿಯೋವರೆಗೂ ದಿನಾ ಹೇಳಿದೆ. ಪ್ರತಿ ಸಲವೂ ಅದು, ನಿಮ್ಮ ಮಾತು ತಲುಪಿದೆ, ಧನ್ಯವಾದ ಅಂತು. ಸರಿ, ತಲುಪಿರಬೇಕು, ಬರ್ತಾರೆ ಅಂತ ಇದ್ದೆ. ನೀವು ಇವತ್ತು ಬಂದ್ರಿ."

ಹೆಂಗಸರು ಕೆಲಸಕ್ಕೆ ಹತ್ತಿಹೋದರು. ಅವನು ಮೋರಿಯ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ಹುಡುಕಬೇಕಾಗಿರಲಿಲ್ಲ, ಆ ಸಾಲು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ತಪ್ಪಾದರೆ ಏನೂ ಹೇಳದೆ ಮುಂದೆ ಹೋಗು. ಸಿಗ್ನಲ್ ಇಲ್ಲ, ಸುದ್ದಿ ಬರಲಿಲ್ಲ. ಏನೂ ಹೇಳದೆ ಮುಂದೆ ಹೋಯಿತು. ಮುಂದೆ ಹೋಗಿ ನೋಡಿದರೆ ಆನೆಗಳ ಪಟ್ಟಿ ಖಾಲಿ. ಪಟ್ಟಿ ಖಾಲಿಯಿದ್ದರೆ ಹಸಿರು ತೋರಿಸೆಂದು ಬರೆದವನೂ ಅವನೇ. ದೂರು ಕಳಿಸಲಾಗಲಿಲ್ಲ, ಏನೂ ಹೇಳದೆ ಮುಂದೆ ಹೋಯಿತು. ಮುಂದಿನ ಸಾಲು ಧನ್ಯವಾದ. ಇಷ್ಟೆಲ್ಲ ನಡೆದದ್ದನ್ನು ಬರೆದಿಡಬೇಕಾದ ಲಾಗ್‌ಗೆ ಬರೆಯಲು ಏನೂ ಉಳಿದಿರಲಿಲ್ಲ.

ಹದಿಮೂರು ದಿನ ಅವಳು ಹೇಳಿದ್ದು ಈಗ ಎಲ್ಲೂ ಇರಲಿಲ್ಲ.

ದಿಬ್ಬದ ಮೇಲೆ ಮೈಕು ಅವನ ಹೆಸರು ಕೂಗುತ್ತಿತ್ತು. ವರ್ಷವಿಡೀ ಒಂದು ದೂರೂ ಇಲ್ಲ ಎನ್ನುತ್ತಿತ್ತು. ಅವನು ಎರಡು ಕಿವಿಗೂ ಕೈ ಮುಚ್ಚಿಕೊಂಡ.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ, "ಅವನು ಆ ಹೆಂಗಸಿಗೆ ಏನು ಹೇಳಿದ, ಗುರುಗಳೇ?" ಎಂದು ಕೇಳಿದ.

ಗುರು ಕೈ ಚಾಚಿ ಶಿಷ್ಯನ ಫೋನು ತೆಗೆದುಕೊಂಡರು. ಈಗ ಮೊದಲ ಸಲ ಅದನ್ನು ನೋಡಿದರು. ನೋಡಿ, ಅವನ ಕಡೆಗೆ ತಿರುಗಿಸಿ ಹಿಡಿದರು.

"ಮಗು, ಈ ಸೊನ್ನೆಯನ್ನು ನಿನಗೆ ಕಳಿಸಿದವರು ಯಾರು?"