ಮೊದಲು ಹೇಳಿದವನು

ಸುಲೋಚನಾ ಬಹುಕಾಲ ಟಿ.ವಿ. ಸುದ್ದಿ ವಿಭಾಗವನ್ನು ನಡೆಸಿದವರು. ಅವರ ಕೈಕೆಳಗೆ ಕಲಿತವರು ನಾಡಿನ ಎಲ್ಲ ಚಾನೆಲ್‌ಗಳಲ್ಲೂ ಇದ್ದರು. ಕೆಲಸದಿಂದ ಬಿಡುಗಡೆಯಾದ ಮೇಲೆ ಅವರು ಕಪಿಲೆಯ ದಂಡೆಯ ಒಂದು ಆಶ್ರಮದಲ್ಲಿ ನೆಲೆಸಿದರು.

ಅವರ ಕುರ್ಚಿಯಲ್ಲಿ ಈಗ ಶಿಷ್ಯ ನಾಗಭೂಷಣ ಕೂರುತ್ತಿದ್ದ.

ಒಂದು ಮಧ್ಯಾಹ್ನ ಅವನು ಹೇಳದೆ ಕೇಳದೆ ಬಂದ. ಬೆಳಗಿನಿಂದ ಆಫ್ ಮಾಡಿಯೇ ಇಟ್ಟಿದ್ದ ಫೋನನ್ನು ಆಶ್ರಮದ ನಿಯಮದಂತೆ ಬಾಗಿಲಲ್ಲಿ ಕೊಟ್ಟು, ಹೊಳೆಯಲ್ಲಿ ಕಾಲು ತೊಳೆದು, ಗುರುವಿನ ಎದುರು ಕುಳಿತ.

“ಕೆಲಸ ಬಿಡೋಣ ಅಂತಿದ್ದೇನೆ ಮೇಡಂ.”

ಕಾರಣವನ್ನೂ ಅವನೇ ಹೇಳಿದ.

ಹಿಂದಿನ ವಾರ ಒಂದು ಬಸ್ಸು ನಾಲೆಗೆ ಬಿದ್ದಿತ್ತು. ಸತ್ತವರ ಹೆಸರುಗಳು ಎಲ್ಲರಿಗಿಂತ ಮೊದಲು ಅವನ ಕೈಗೆ ಸಿಕ್ಕವು. ಎರಡು ಕಡೆ ವಿಚಾರಿಸಿ, ಖಚಿತ ಮಾಡಿಕೊಂಡೇ ಬಿತ್ತರಿಸಿದ. ಅದರಲ್ಲಿ ಕಾಲೇಜಿಗೆ ಹೊರಟಿದ್ದ ಒಬ್ಬ ಹುಡುಗಿಯ ಹೆಸರಿತ್ತು. ಅವಳ ತಾಯಿ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತ ತಲೆಯೆತ್ತಿದಾಗ, ಮಗಳ ಹೆಸರು ಟಿ.ವಿ. ಪರದೆಯ ಕೆಳಗೆ ಓಡುತ್ತಿತ್ತು. ಆಕೆಗೆ ತಿಳಿಸಬೇಕಿದ್ದ ಪೊಲೀಸರು ಇನ್ನೂ ದಾರಿಯಲ್ಲಿದ್ದರು. ಆಕೆಯ ಹತ್ತಿರ ಆಗ ಯಾರೂ ಇರಲಿಲ್ಲ.

“ಸುದ್ದಿ ನಿಜ ಮೇಡಂ. ಒಂದು ಹೆಸರೂ ತಪ್ಪಿರಲಿಲ್ಲ. ಎಲ್ಲರಿಗಿಂತ ಮೊದಲು ಕೊಟ್ಟೆವೆಂದು ಆಫೀಸಿನಲ್ಲಿ ಹಾರ ಹಾಕಿದರು. ನನಗೆ ನಿದ್ದೆ ಹತ್ತುತ್ತಿಲ್ಲ. ನಾನು ಮಾಡಿದ ತಪ್ಪೇನು, ನೀವೇ ಹೇಳಿ.”

“ಊಟ ಮಾಡು,” ಎಂದರು ಸುಲೋಚನಾ.

“ಹಸಿವಿಲ್ಲ.”

“ಬೆಳಿಗ್ಗೆ ಏನು ತಿಂದೆ?”

ಅವನಿಗೆ ನೆನಪಾಗಲಿಲ್ಲ.

ಅವರು ಎಲೆ ಹಾಕಿ, ತಾವೇ ಅನ್ನ, ಹುರುಳಿ ಸಾರು ಬಡಿಸಿದರು. ಎರಡು ತುತ್ತು ಇಳಿದ ಮೇಲೆ ಅವನ ಹಸಿವು ಅವನಿಗೇ ತಿಳಿಯಿತು.

ಹೊಟ್ಟೆ ತುಂಬುತ್ತ ಬಂದಂತೆ ಮಾತು ಕ್ಯಾಮೆರಾದ ಚೆಲುವಯ್ಯನವರ ಕಡೆ ತಿರುಗಿತು. ಊರಿಗೆ ಹೊಸದಾಗಿ ಬಂದ ನಾಗಭೂಷಣನಿಗೆ ಒಂದು ವರ್ಷ ತಮ್ಮ ಮನೆಯಲ್ಲೇ ಜಾಗ ಕೊಟ್ಟವರು ಅವರು. ಮೊದಲ ಸಲ ಪ್ರವಾಹದ ವರದಿಗೆ ಹೋದಾಗ ಇವನು ಬೇಗ, ಬೇಗ ಎಂದು ಅವರ ಜೀವ ತಿಂದಿದ್ದ.

“‘ನನಗೊಬ್ಬನಿಗೇ ಯಾಕೆ ಹೇಳ್ತೀರಾ ಸ್ವಾಮಿ, ಆ ಹೊಳೆಗೂ ಸ್ವಲ್ಪ ಹೇಳಿ, ನಿಧಾನ ಹರೀತಾ ಇದೆ’ ಅಂದುಬಿಟ್ಟರು, ಅಷ್ಟು ಜನರ ಎದುರಿಗೆ,” ಎಂದು ನಾಗಭೂಷಣ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ. “ವಾಪಸು ಹೋಗುವಾಗ ಅವರನ್ನು ನೋಡಿಕೊಂಡೇ ಹೋಗುತ್ತೇನೆ.”

ಸುಲೋಚನಾ ಅವನ ಅನ್ನಕ್ಕೆ ಇನ್ನೊಂದು ಸೌಟು ಮಜ್ಜಿಗೆ ಹಾಕಿದರು.

ಅವನು ಕೈ ತೊಳೆದು ಬಂದು ಹೊಳೆಯ ಮೆಟ್ಟಿಲ ಮೇಲೆ ಕುಳಿತ. ಅವರು ಬಂದು ಪಕ್ಕದಲ್ಲೇ ಕುಳಿತರು. ಅವನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

“ಚೆಲುವಯ್ಯ ಹೋಗಿಬಿಟ್ಟರು, ಭೂಷಣ. ಇವತ್ತು ಬೆಳಿಗ್ಗೆ. ಎದೆನೋವು ಅಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ.”

ಅವನು ಅತ್ತ. ಅವರು ಹಿಡಿದ ಕೈಯನ್ನು ಬಿಡಲಿಲ್ಲ. ಬಿಸಿಲು ಮೆಟ್ಟಿಲಿನಿಂದ ಇಳಿದು ನೀರಿಗೆ ಹೋಯಿತು.

ಆಮೇಲೆ ಅವನು ಕೇಳಿದ, “ನಿಮಗೆ ಯಾವಾಗ ತಿಳಿಯಿತು?”

“ನೀನು ಬರುವ ಮೊದಲೇ. ಅವರ ಮಗ ಆಶ್ರಮದ ಆಫೀಸಿಗೆ ಫೋನ್ ಮಾಡಿದ್ದ.”

“ನಾನು ಅವರ ಮಾತಾಡಿಕೊಂಡು ನಗುತ್ತಿದ್ದೆ ಮೇಡಂ. ಗೊತ್ತಿದ್ದೂ ಕೇಳುತ್ತ ಕೂತಿದ್ದಿರಿ. ಬಂದ ತಕ್ಷಣ ಯಾಕೆ ಹೇಳಲಿಲ್ಲ?”

“ನಿನ್ನ ಊಟ ಮುಗಿಯುವವರೆಗಾದರೂ ಅವರು ಬದುಕಿರಲಿ ಅಂದುಕೊಂಡೆ,” ಎಂದರು ಸುಲೋಚನಾ.