ಹದ್ದು ಕೂರದ ಕಲ್ಲು

ನೀರ್ಕೋಡಿಯ ದಡದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಕಡಲ ನಡುವೆ ಒಂದು ಕಪ್ಪು ದ್ವೀಪ ಕಾಣುತ್ತದೆ. ನೆಲದೊಳಗಿಂದ ಉಕ್ಕಿಬಂದ ಕಲ್ಲುರಸ ತಣಿಯುವಾಗ ಬಿರಿದು ಆದದ್ದು ಅದು. ಆರು ಮುಖದ ಕಂಬಗಳು ಒಂದಕ್ಕೊಂದು ಒತ್ತಿ ನಿಂತಿವೆ. ಯಾರೋ ಕಡಿದು ಜೋಡಿಸಿರಬೇಕು ಎಂದು ಹೊಸಬರು ಅನುಮಾನಪಡುತ್ತಾರೆ. ಮರಗಳಿಲ್ಲ. ಮಳೆ ಬಿದ್ದರೆ ಬಿರುಕುಗಳಲ್ಲಿ ಹುಲ್ಲು ಏಳುತ್ತದೆ, ಕಂಬಗಳ ತಲೆಯ ಕುಳಿಗಳಲ್ಲಿ ಸಿಹಿನೀರು ನಿಲ್ಲುತ್ತದೆ. ಸಂದುಗಳಲ್ಲಿ ಕಾಡುಪಾರಿವಾಳ, ನೀರಂಚಿನಲ್ಲಿ ಏಡಿ, ಕಲ್ಲಿಗೆ ಕಚ್ಚಿದ ಚಿಪ್ಪು. ಎಲ್ಲಕ್ಕಿಂತ ಎತ್ತರದ ಕಂಬದ ಮೇಲೆ ಬಿಳಿಹೊಟ್ಟೆಯ ಕಡಲಹದ್ದೊಂದು ಕೂತಿರುತ್ತದೆ. ಆದರೂ ಊರವರು ಆ ದ್ವೀಪವನ್ನು ಕರೆಯುವುದು ಹದ್ದು ಕೂರದ ಕಲ್ಲು ಎಂದೇ. ಕಣ್ಣೆದುರೇ ಹದ್ದು ಕೂತಿರುವಾಗ ಇದೆಂಥ ಹೆಸರು ಎಂದು ಕೇಳಿದವರಿಗೆ ಹಿರಿಯರು ಅಕ್ಕಣಿಯ ಕತೆ ಹೇಳುತ್ತಾರೆ.

ಹಿಂದೆ ಒಮ್ಮೆ, ದೋಣಿಗಳಿಗೆ ಯಂತ್ರ ಬರುವುದಕ್ಕೆ ಎಷ್ಟೋ ಕಾಲ ಮೊದಲು, ನರಸ ಮರಕಾಲ ಮತ್ತು ಅವನ ತಮ್ಮ ಕುಷ್ಟ ಚಿಪ್ಪು ಕೀಳಲು ಆ ಕಲ್ಲಿಗೆ ಹೋದರು. ಮುಂಗಾರು ಇನ್ನೇನು ಬರುವ ದಿನಗಳು. ಬಿಸಿಲೇರುವ ಮೊದಲೇ ಗಾಳಿ ತಿರುಗಿತು. ದಡಕ್ಕೆ ಮರಳಿದವನು ಕುಷ್ಟ ಒಬ್ಬನೇ. ತೆರೆ ಹೊಡೆದು ದೋಣಿ ಮಗುಚಿತು, ಅಣ್ಣ ಮುಳುಗಿದ, ತಾನು ಹೇಗೋ ದೋಣಿಯನ್ನು ನೆಟ್ಟಗೆ ಮಾಡಿ ಬಂದೆ ಎಂದು ಅವನು ಅತ್ತ. ಊರು ನಂಬಿತು. ನರಸನ ಹೆಂಡತಿ ಅಕ್ಕಣಿಯೂ ಆ ಹೊತ್ತಿಗೆ ನಂಬಿದಳು. ಮರುದಿನ ದೋಣಿಯ ಹಲಗೆಯಡಿ ಕೈಹಾಕಿದಾಗ ತಾನು ಕೊಟ್ಟು ಕಳಿಸಿದ್ದ ಗಂಜಿಯ ಗಡಿಗೆ ಸಿಕ್ಕಿತು. ಬಾಯಿಗೆ ಕಟ್ಟಿದ ಬಾಳೆಲೆ ಕಟ್ಟಿದಂತೆಯೇ ಇತ್ತು. ಬಿಚ್ಚಿ ಬೆರಳದ್ದಿ ನೆಕ್ಕಿದಳು. ಗಂಜಿ ಹುಳಿಯಾಗಿತ್ತು, ಕಡಲ ಉಪ್ಪು ಸೇರಿರಲಿಲ್ಲ. ಗಡಿಗೆಯನ್ನು ಸೆರಗಿನಡಿ ಮುಚ್ಚಿಕೊಂಡು ಮನೆಗೆ ಬಂದಳು, ಯಾರಿಗೂ ಹೇಳಲಿಲ್ಲ.

ಅಂದಿನಿಂದ ಅವಳ ಕಣ್ಣು ಮೈದುನನ ಮೇಲೆ. ಅವನು ಬೊಜ್ಜ ಬೇಗ ಮುಗಿಸೋಣ ಎಂದ. ಸತ್ತವನ ಕ್ರಿಯೆಗೆ ಇಷ್ಟು ಅವಸರವೇಕೆ ಎಂದು ಅವಳಿಗೆ ಅನ್ನಿಸಿತು. ಅವನು ಕಡಲ ಕಡೆಗೆ ಬೆನ್ನು ಹಾಕಿ ಉಣ್ಣುತ್ತಿದ್ದ, ಅದನ್ನೂ ಕಂಡಳು. ದಿನವೂ ದಡದಲ್ಲಿ ಕೂತು ಕಲ್ಲನ್ನು ನೋಡುತ್ತಿದ್ದವಳಿಗೆ ಇನ್ನೊಂದು ಸಂಗತಿ ಹೊಳೆಯಿತು. ಬೈಗಾದರೆ ಎತ್ತರದ ಕಂಬಕ್ಕೆ ಬಂದು ಕೂರುವ ಹದ್ದು ಈಗ ಕೂರುತ್ತಿಲ್ಲ. ಸುತ್ತುತ್ತದೆ, ಇಳಿಯುತ್ತದೆ, ಮತ್ತೆ ಏಳುತ್ತದೆ. ಕಲ್ಲಿನ ಮೇಲೆ ಮನುಷ್ಯರಿದ್ದಾಗ ಮಾತ್ರ ಅದು ಹಾಗೆ ಮಾಡುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಹೆಣವಾಗಿದ್ದರೆ ಹದ್ದು ಹೆದರುತ್ತಿರಲಿಲ್ಲ.

ಊರಿನ ಗುರಿಕಾರ ದೂಮನ ಬಳಿ ಹೋಗಿ, ಹದ್ದಿನ ಸಂಗತಿ ಹೇಳಿ, ದೋಣಿ ಇಳಿಸಬೇಕೆಂದು ಕೇಳಿದಳು. ಮಳೆ ಹಿಡಿದಿತ್ತು, ದೋಣಿಗಳನ್ನೆಲ್ಲ ಮೇಲೆಳೆದು ತೆಂಗಿನ ಗರಿ ಹೊದಿಸಿದ್ದರು. ಆ ಕಡಲಿಗೆ ಗಂಡಸರನ್ನು ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. “ಹದ್ದಿನ ಮಾತ್ ಕೇಂಡ್ ದೋಣಿ ಇಳ್ಸಿರೆ, ನಾಳೆ ಕಾಕಿ ಗುಬ್ಬಿ ಬಂದ್ ಪಂಚಾಯ್ತಿ ಮಾಡತ್ತ್” ಎಂದ. ಸುತ್ತ ಕೂತವರು ನಕ್ಕರು. ಅವರ ನಡುವೆ ಕೂತಿದ್ದ ಕುಷ್ಟ ನಗಲಿಲ್ಲ. ಅವನು ನಗದಿದ್ದುದನ್ನು ಅಕ್ಕಣಿ ಗಮನಿಸಿದಳು.

ಮನೆಗೆ ಹೋಗಿ ಗಡಿಗೆ ತಂದು ಎಲ್ಲರೆದುರು ಅವನ ಕಾಲಬುಡದಲ್ಲಿ ಇಟ್ಟಳು. “ದೋಣಿ ಮಗುಚಿತ್ ಅಂದ್ಯಲ ಕುಷ್ಟ, ಗಂಜಿ ಹ್ಯಾಂಗ್ ಉಳಿತ್?”

ಕುಷ್ಟ ಗಡಿಗೆಯನ್ನೇ ನೋಡಿದ. ಎದ್ದು ಹೋಗಿ ತನ್ನ ದೋಣಿಯ ಮೇಲಿನ ಗರಿ ಕಿತ್ತೆಸೆದು ಹೆಗಲು ಕೊಟ್ಟ. ಹೆಣಕ್ಕಾಗಿ ಯಾರೂ ಅಂಥ ಕಡಲಿಗೆ ಇಳಿಯುವುದಿಲ್ಲವೆಂದು ದಡದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ದೂಮನ ಮುಖ ಇಳಿಯಿತು, ಅವನೂ ಬಂದು ದೋಣಿ ನೂಕಿದ. ದೋಣಿ ನೀರು ಮುಟ್ಟುತ್ತಲೇ ಅಕ್ಕಣಿ ಹಾರಿ ಒಳಗೆ ಕೂತಳು. ಹೆಂಗಸರು ದೋಣಿ ಹತ್ತುವ ಪದ್ಧತಿ ಇರಲಿಲ್ಲ. ಇಳಿ ಎಂದ ಮೈದುನನಿಗೆ, “ನೀನೊಬ್ನೇ ಹೋಯಿ ಬಂದ್ ಎಂತ ಹೇಳಿರೂ ನಾ ನಂಬೂದಿಲ್ಲ” ಎಂದಳು.

ಅರ್ಧ ದಾರಿ ದಾಟಿ ಕಂಬಗಳ ಅಂಚು ಕಣ್ಣಿಗೆ ತಿಳಿಯಾಗುವ ಹೊತ್ತಿಗೆ ಹದ್ದು ಒಂದು ಸುತ್ತು ಹಾಕಿ, ಕಾಲು ಚಾಚಿ, ಕಂಬದ ಮೇಲೆ ಇಳಿಯಿತು. ರೆಕ್ಕೆ ಮಡಚಿತು. ಹುಟ್ಟು ಹಾಕುತ್ತಿದ್ದ ಕುಷ್ಟನ ಕೈ ನಿಂತಿತು.

“ಅತ್ತಿಗೆ, ಹದ್ದ್ ಕೂಕಂಡಿತ್.”

ಅಕ್ಕಣಿಯೂ ಕಂಡಿದ್ದಳು. ಅಷ್ಟು ದಿನ ಆ ಹಕ್ಕಿಯೊಂದನ್ನೇ ನಂಬಿ ಬದುಕಿದವಳು, ಈಗ ಹಕ್ಕಿಯನ್ನೂ ನಂಬಲಿಲ್ಲ. “ಹುಟ್ಟ್ ಹಾಕ್” ಎಂದಳು.

ನರಸ ಕೆಳಗೆ, ದೋಣಿ ತಾಗುವ ಬಂಡೆಯ ಮೇಲೆ ನಿಂತಿದ್ದ. ದೋಣಿ ಬರುವುದನ್ನು ಕಂಡು ಕಂಬದ ತಲೆಯಿಂದ ಇಳಿದು ಬಂದಿದ್ದ. ಜಾಗ ಖಾಲಿಯಾದ್ದರಿಂದ ಹದ್ದು ಕೂತಿತ್ತು. ಕುಳಿಯ ನೀರು, ಹಸಿ ಚಿಪ್ಪು, ಪಾರಿವಾಳದ ಮೊಟ್ಟೆ ಅವನನ್ನು ಉಳಿಸಿದ್ದವು ಎನ್ನುತ್ತಾರೆ. ಅವನು ಹೆಂಡತಿಯನ್ನು ನೋಡಿದ, ತಮ್ಮನನ್ನು ನೋಡಿದ. ತಮ್ಮನಿಗೆ ಕೇಳಿದ್ದು ಒಂದೇ ಮಾತು: “ಗಂಜಿ ತಂದ್ಯಾ?”

ತೆರೆಗೆ ಹೆದರಿ ಕುಷ್ಟ ದೋಣಿ ಬಿಟ್ಟುಕೊಂಡು ಓಡಿದನೋ, ಬೇಕೆಂದೇ ಬಿಟ್ಟು ಬಂದನೋ, ನರಸ ಬಾಯಿ ಬಿಡಲಿಲ್ಲ. ಅಕ್ಕಣಿಯ ಅನುಮಾನವೂ ಹೋಗಲಿಲ್ಲ. ಅಣ್ಣತಮ್ಮಂದಿರು ಕಡಲಿಗೆ ಹೋದ ದಿನವೆಲ್ಲ ಅವಳು ದಡದಲ್ಲಿ ಕೂತು, ಹದ್ದು ಕೂರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದಳು. ಅವಳನ್ನು ನೋಡಿ ನೋಡಿ ಊರವರು ಕಲ್ಲಿಗೆ ಆ ಹೆಸರಿಟ್ಟರು.

ಈಗ ಪ್ರವಾಸಿಗರ ದೋಣಿಗಳು ಅಲ್ಲಿಗೆ ಹೋಗುತ್ತವೆ. ಸಂಜೆ ಹೊರಡುವ ಮುನ್ನ ದೋಣಿಯವನು ಜನರನ್ನು ಎಣಿಸುತ್ತಾನೆ. ಲೆಕ್ಕ ಸರಿಯಾದರೂ ಯಂತ್ರ ಚಾಲೂ ಮಾಡುವುದಿಲ್ಲ. ಇನ್ನೇಕೆ ತಡ ಎಂದು ಜನ ಗೊಣಗುತ್ತಾರೆ. ಅವನು ತಲೆಯೆತ್ತಿ ನೋಡುತ್ತಿರುತ್ತಾನೆ. ಹದ್ದು ಸುತ್ತಿ ಬಂದು, ಕಾಲು ಚಾಚಿ, ಕಂಬದ ಮೇಲೆ ಕೂತು ರೆಕ್ಕೆ ಮಡಚಿದ ಮೇಲೆ ಒಮ್ಮೆ ನರಸ ನಿಂತಿದ್ದ ಬಂಡೆಯ ಕಡೆಗೂ ಕಣ್ಣು ಹಾಯಿಸಿ, ಹಗ್ಗ ಬಿಚ್ಚುತ್ತಾನೆ.