ಈಜುಕೊಳದ ನೀರು ಮತ್ತು ಬಸುರಿ ಕಪ್ಪೆ

ಕ್ಲಬ್ಬಿನ ಈಜುಕೊಳದ ನೀರಿಗೆ ಒಂದೇ ಆಸೆ: ಯಾರಾದರೂ ತನ್ನಲ್ಲಿ ಮನೆ ಮಾಡಬೇಕು. ಈಜುವವರು ಬರುತ್ತಿದ್ದರು, ಮೈ ಒರೆಸಿಕೊಂಡು ಹೊರಟುಹೋಗುತ್ತಿದ್ದರು. ಕೊಳ ನೋಡಿಕೊಳ್ಳುವ ಲಿಂಗರಾಜು ದಿನಾ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಹನಿ ಮದ್ದು ಬಿಟ್ಟು, ಬಣ್ಣ ನೋಡಿ, ಕಡಿಮೆಬಿದ್ದಷ್ಟು ಕ್ಲೋರಿನ್ ಸುರಿಯುತ್ತಿದ್ದ. ಪಾಚಿಯ ಒಂದೆಳೆಯೂ ಉಳಿಯುತ್ತಿರಲಿಲ್ಲ.

ಒಂದು ಸಂಜೆ ತುಂಬು ಬಸುರಿ ಕಪ್ಪೆಯೊಂದು ಅಂಚಿಗೆ ಬಂದು ಕೂತಿತು.

"ಗಂಗಮ್ಮಾ, ಎಷ್ಟು ತಿಳಿಯಾಗಿದ್ದೀ! ಇಲ್ಲೇ ಮೊಟ್ಟೆಯಿಡುತ್ತೇನೆ. ಜಾಗ ಕೊಡುತ್ತೀಯಾ?"

ನೀರು ಜುಮ್ಮೆಂದಿತು. ಕೊಡುತ್ತೇನೆ ಎಂಬ ಮಾತು ಅಂಚಿನವರೆಗೂ ಬಂದಿತ್ತು. ಅದನ್ನು ನುಂಗಿಕೊಂಡು, "ಬೇಡ ತಾಯಿ. ನನ್ನಲ್ಲಿ ಕ್ಲೋರಿನ್ ಮದ್ದಿದೆ. ನಿನ್ನ ಮರಿ ಒಂದೂ ಬದುಕುವುದಿಲ್ಲ" ಎಂದಿತು.

"ಬಡಿವಾರ ನೋಡು! ಕೆಸರಿನವಳೆಂದು ದೂಡುತ್ತೀಯಾ?"

"ನಿನಗೆ ಕೆಸರೇ ಒಳ್ಳೆಯದು. ಗೋಡೆಯಾಚೆ ಬಾಳೆಯ ಬುಡದಲ್ಲಿ ಗುಂಡಿಯಿದೆ, ಅಲ್ಲಿಗೆ ಹೋಗು."

"ಆ ಕೊಳಕು ನೀರಿಗೇ?"

"ಅದೂ ನಾನೇ. ನನ್ನನ್ನು ಸೋಸುವ ಫಿಲ್ಟರ್ ತೊಳೆದಾಗ ಹೊರಗೆ ಬಿಟ್ಟ ನೀರು. ಬಿಸಿಲಿಗೆ ಮದ್ದೆಲ್ಲ ಹಾರಿಹೋಗಿ ಪಾಚಿ ಕಟ್ಟಿದೆ. ನಿನ್ನ ಮಕ್ಕಳಿಗೆ ಊಟಕ್ಕೆ ಕೊರತೆಯಾಗದು."

ಕಪ್ಪೆ ಗೊಣಗುತ್ತಲೇ ಗೋಡೆಯ ಕಂಡಿಯಲ್ಲಿ ನುಸುಳಿ ಹೋಯಿತು.

ಕೆಲವು ದಿನಗಳ ಮೇಲೆ ಆಚೆಯಿಂದ ಅದರ ಕೂಗು ಕೇಳಿಸಿತು: "ಗಂಗಮ್ಮಾ, ಮಕ್ಕಳು ಬಾಲ ಆಡಿಸುತ್ತಿವೆ! ಗುಂಡಿ ತುಂಬಾ ಅವೇ!"

ಆಗಷ್ಟೇ ಲಿಂಗರಾಜು ನಳಿಕೆಯನ್ನು ಬೆಳಕಿಗೆ ಹಿಡಿದು, "ಭೇಷ್, ಇವತ್ತು ಎಲ್ಲ ಸರಿಯಾಗಿದೆ" ಎಂದ.

ನೀರಿಗೆ ಅದು ಕೇಳಿಸಲಿಲ್ಲ. ಇನ್ನೊಮ್ಮೆ ಫಿಲ್ಟರ್ ತೊಳೆಯುವುದು ಯಾವಾಗಲೋ, ಬಿಸಿಲಿಗೆ ಮದ್ದು ಕಳೆದುಕೊಂಡು ತಾನೂ ಆ ಗುಂಡಿ ಸೇರುವುದು ಯಾವಾಗಲೋ ಎಂದು ಅದು ಗೋಡೆಯ ಕಡೆಗೇ ಕಿವಿಯಿಟ್ಟಿತ್ತು.